ಹುಷಾರು ಅಂದಿದ್ದೆ

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದ ಬಾಯಿ ನನ್ನದು. ಈ ಬಾಯಿಂದ ಅತಿ ಹೆಚ್ಚು ಸಲ ಹೊರಬಿದ್ದ ಮಾತು ಯಾವುದೆಂದು ಯಾರಾದರೂ ಲೆಕ್ಕ ಇಟ್ಟಿದ್ದರೆ ಅದು ಅಶೋಕನ ಹೆಸರೂ ಅಲ್ಲ, ಅಕ್ಬರನ ಹೆಸರೂ ಅಲ್ಲ. 'ಹುಷಾರು' ಎಂಬ ಮೂರಕ್ಷರ. ಮೆಟ್ಟಿಲು ಹುಷಾರು, ಕೈವಾರದ ಮುಳ್ಳು ಹುಷಾರು, ರಸ್ತೆ ದಾಟುವಾಗ ಹುಷಾರು, ಮಳೆ ಬಂದಿದೆ, ಹಳ್ಳದ ಸಂಕ ಹುಷಾರು. ಹೇಳಿ ಮುಗಿಸಿದ ಕೂಡಲೇ ಮನಸ್ಸಿಗೊಂದು ಸಮಾಧಾನ, ಮಕ್ಕಳ ಚೀಲಕ್ಕೆ ಬುತ್ತಿಯ ಜೊತೆ ಇನ್ನೇನನ್ನೋ ಹಾಕಿ ಕಳಿಸಿದ ಹಾಗೆ. ನಮ್ಮ ಮಾತಿನಲ್ಲಿ ಈ ಶಬ್ದ ಬಹಳ ದುಡಿಯುತ್ತದೆ. ಚುರುಕಿನ ಹುಡುಗ ಹುಷಾರಿ, ಜ್ವರ ಬಂದವನಿಗೆ ಹುಷಾರಿಲ್ಲ, ಅಪಾಯದ ಎದುರು ನಿಂತವನಿಗೆ ಹುಷಾರು. ಈ ಮೂರೂ ಅಲ್ಲದೆ ಅದಕ್ಕೆ ನಾಲ್ಕನೆಯ ಕೆಲಸವೊಂದಿದೆ ಎಂದು ನನಗೆ ತಿಳಿದದ್ದು ನಮ್ಮ ಮನೆಗೆ ಬ್ಯಾಟರಿ ಗರಗಸ ಬಂದ ಮೇಲೆ.

ನಮ್ಮ ಮನೆ ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ. ಒಂದೂವರೆ ಎಕರೆ ಅಡಿಕೆ ತೋಟ, ಹಿತ್ತಿಲಲ್ಲಿ ನಾಲ್ಕು ಹಲಸಿನ ಮರ. 2024ರ ಜುಲೈ ತಿಂಗಳ ಗಾಳಿಮಳೆಗೆ ಅದರಲ್ಲೊಂದು ಬುಡದ ಹತ್ತಿರವೇ ಸೀಳಿ ಕೊಟ್ಟಿಗೆಯ ಪಕ್ಕಕ್ಕೆ ಮಲಗಿತು. ಕೊಟ್ಟಿಗೆ ಉಳಿಯಿತು, ಎಮ್ಮೆ ಉಳಿಯಿತು, ಅಷ್ಟೇ ಪುಣ್ಯ ಅಂದುಕೊಂಡೆವು. ಮಳೆಗಾಲ ಮುಗಿಯುವ ತನಕ ಮರ ಬಿದ್ದಲ್ಲೇ ಬಿದ್ದಿತ್ತು. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಅದನ್ನು ನೋಡಿ, ಪೆಟ್ರೋಲ್ ಮಿಷನ್ನಿನವನನ್ನು ಕರೆಸಿದರೆ ಎಷ್ಟಾಗುತ್ತದೆ ಎಂದು ಕೇಳಿದ. "ದಿನಕ್ಕೆ ಎರಡು ಸಾವಿರ, ಮೇಲೆ ಊಟ. ಎರಡು ದಿನದ ಕೆಲಸ ಇದೆ. ಅವನು ಬರುವುದು ಯಾವಾಗಲೋ" ಎಂದರು ಇವರು. ಮಗ ಮೊಬೈಲಿನಲ್ಲಿ ಏನೇನೋ ಒತ್ತಿದ. ವಾರದೊಳಗೆ ಒಂದು ರಟ್ಟಿನ ಪೆಟ್ಟಿಗೆ ಮನೆಗೆ ಬಂತು. ಒಂಬತ್ತು ಸಾವಿರದ ಚಿಲ್ಲರೆ.

ಹನ್ನೆರಡು ಇಂಚಿನ ಉಕ್ಕಿನ ಪಟ್ಟಿ, ಅದರ ಅಂಚಿಗೆ ಸುತ್ತಿಕೊಂಡ ಹಲ್ಲಿನ ಚೈನು, ಹಿಂದೆ ಇಟ್ಟಿಗೆಯಂಥ ಒಂದು ಬ್ಯಾಟರಿ. ಎಳೆಯಲು ಹಗ್ಗವಿಲ್ಲ, ಪೆಟ್ರೋಲಿಗೆ ಎಣ್ಣೆ ಬೆರೆಸುವ ಲೆಕ್ಕವಿಲ್ಲ, ಹೊಗೆ ಇಲ್ಲ. ಎತ್ತಿ ನೋಡಿದೆ, ನನ್ನ ಕೈಗೂ ಭಾರ ಅನಿಸಲಿಲ್ಲ. ಪೆಟ್ರೋಲ್ ಮಿಷನ್ನು ಊರಿಗೆ ಬಂದರೆ ಏನಾಗುತ್ತಿತ್ತೆಂದು ನೆನಪಿದೆ. ಅದು ಒಮ್ಮೆ ಗುರ್ ಎಂದರೆ ಸಾಕು, ನಾಯಿ ಬೊಗಳುತ್ತಿತ್ತು, ಹಕ್ಕಿ ಹಾರುತ್ತಿತ್ತು, ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಸದ್ದೇ ಒಂದು ಬೇಲಿ ಹಾಕುತ್ತಿತ್ತು. ಈ ಹೊಸದಕ್ಕೆ ಆ ಬೇಲಿ ಇಲ್ಲ. ಕೊಯ್ಯುವಾಗ ಮಿಕ್ಸಿಯ ಹಾಗೆ ಕೂಗುತ್ತದೆ, ಬೆರಳು ತೆಗೆದರೆ ಮೌನ. ಪೆಟ್ರೋಲ್ ಮಿಷನ್ನು ಆರಿಸಿದರೆ ಆರಿತು, ಮತ್ತೆ ಎಬ್ಬಿಸಲು ಹಗ್ಗ ಜಗ್ಗಬೇಕು. ಇದು ಸುಮ್ಮನಿದ್ದಾಗಲೂ ಎಚ್ಚರವಾಗಿಯೇ ಇರುತ್ತದೆ. ಇದನ್ನೆಲ್ಲ ನಾನು ಆಗಲೇ ಯೋಚಿಸಿದ್ದೆ ಎಂದು ಹೇಳಿದರೆ ಸುಳ್ಳಾದೀತು. ಆಗ ನಾನು ಅಂದದ್ದು, "ಅಬ್ಬ, ಎಷ್ಟು ಚಂದ ಇದೆ!"

ನಮ್ಮ ತೋಟದ ಕೆಲಸಕ್ಕೆ ಬರುವವನನ್ನು ಊರೆಲ್ಲ ಅಣ್ಣಯ್ಯ ಎಂದೇ ಕರೆಯುತ್ತದೆ. ಅಸಲು ಹೆಸರು ರೇಷನ್ ಕಾರ್ಡಿನಲ್ಲಿದೆ, ಅದು ಇಲ್ಲಿ ಬೇಡ. ನನಗಿಂತ ಎರಡು ವರ್ಷ ದೊಡ್ಡವನು. ಅವನು ನನ್ನನ್ನು 'ಅಕ್ಕೋರೇ' ಎಂದು ಬಹುವಚನದಲ್ಲಿ ಕರೆಯುತ್ತಾನೆ, ನಾನು ಅವನಿಗೆ 'ನೀನು' ಅನ್ನುತ್ತೇನೆ. ಸಮಾನತೆಯ ಪಾಠ ಮಾಡಿ ಮನೆಗೆ ಬಂದು ಹೀಗೆ ಮಾತಾಡುವುದು ನನಗೆ ಮೊದಲೆಲ್ಲ ಚುಚ್ಚುತ್ತಿತ್ತು, ಈಗ ರೂಢಿಯಾಗಿದೆ. ಕೊನೆ ಕೊಯ್ಯುವುದರಿಂದ ಹಿಡಿದು ಅಡಿಕೆ ಸುಲಿಯುವ ತನಕ ಅವನಿಗೆ ಬಾರದ ಕೆಲಸವಿಲ್ಲ. ಮಿಷನ್ನು ಕಂಡು ಅವನಿಗೂ ಖುಷಿಯಾಯಿತು. ಪಂಜೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ತಲೆಗೆ ಟವೆಲು ಸುತ್ತಿ ಕೆಲಸಕ್ಕೆ ಇಳಿದ. "ಹುಷಾರು ಅಣ್ಣಯ್ಯ" ಎಂದೆ. "ಎಂತ ಆಗೂದಿಲ್ರ ಅಕ್ಕೋರೇ" ಎಂದ. ನಾನು ಶಾಲೆಗೆ ಹೋದೆ.

ಎರಡನೆಯ ದಿನ ಸಂಜೆ ಬಂದು ನೋಡಿದರೆ ಮರ ಅರ್ಧ ಮುಗಿದಿತ್ತು. ಹಿಂದಿನ ಹಿಡಿಯಲ್ಲಿ ಎರಡು ಒತ್ತುಗಳಿವೆ. ಬೆರಳಿನಿಂದ ಒತ್ತುವ ಸ್ವಿಚ್ಚು ಒಂದು. ಹೆಬ್ಬೆರಳಿನಿಂದ ಒತ್ತುವ ಲಾಕ್ ಗುಂಡಿ ಇನ್ನೊಂದು. ಗುಂಡಿ ಒತ್ತದೆ ಸ್ವಿಚ್ಚು ಕೆಲಸ ಮಾಡದು. ಪ್ರತಿ ಕೊಯ್ತಕ್ಕೂ ಎರಡನ್ನೂ ಒತ್ತುವುದು ರಗಳೆ ಎಂದು ಅಣ್ಣಯ್ಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಆ ಗುಂಡಿಯನ್ನು ಒತ್ತಿದ ಹಾಗೆಯೇ ಕಟ್ಟಿಬಿಟ್ಟಿದ್ದ. ನನಗೆ ತೋರಿಸಿದ. ನಾನು ನೋಡಿದೆ. ಈ ವಾಕ್ಯವನ್ನು ಬರೆಯಲು ನನಗೆ ಬಹಳ ದಿನ ಬೇಕಾಯಿತು: ನಾನು ನೋಡಿದೆ, ನೋಡಿ "ಒಳ್ಳೇ ಉಪಾಯ ಮಾರಾಯ" ಎಂದು ನಕ್ಕೆ. ಆಮೇಲೆ ರೂಢಿಯಂತೆ "ಹುಷಾರು" ಎಂದೂ ಅಂದೆ.

ಮೂರನೆಯ ದಿನ ಹನ್ನೊಂದು ಗಂಟೆಗೆ ಶಾಲೆಗೆ ಫೋನ್ ಬಂತು. ಹಲಸಿನ ತೊಗಟೆಯಲ್ಲಿ ಇನ್ನೂ ಮೇಣ ಇತ್ತು. ಮರದ ಚೂರು, ಮೇಣ ಎರಡೂ ಸೇರಿ ಚೈನು ಹೊರಡುವ ಮೂಲೆಯಲ್ಲಿ ಕಟ್ಟಿಕೊಂಡಿತ್ತು. ಅಣ್ಣಯ್ಯ ಬಲಗೈಯಲ್ಲಿ ಮಿಷನ್ನು ಹಿಡಿದು ಎಡಗೈ ಬೆರಳಿನಿಂದ ಅದನ್ನು ಕೆರೆದು ತೆಗೆಯಲು ಹೋದ. ಮಿಷನ್ನು ಜಾರಿದಂತಾಯಿತು, ಬಲಗೈ ಬಿಗಿ ಹಿಡಿಯಿತು. ಬಿಗಿ ಹಿಡಿದದ್ದು ಸ್ವಿಚ್ಚನ್ನು. ತೋರುಬೆರಳು, ನಡುಬೆರಳು ಎರಡಕ್ಕೂ ಸೇರಿ ಏಳು ಹೊಲಿಗೆ. ತೋರುಬೆರಳ ಉಗುರು ಹೋಯಿತು. ಮೂಳೆ ಉಳಿಯಿತು ಎಂದು ಡಾಕ್ಟರು ಹೇಳಿದಾಗ ಎಲ್ಲರೂ ಅದನ್ನೇ ದೊಡ್ಡ ಸುದ್ದಿಯಾಗಿ ಹೇಳಿಕೊಂಡೆವು.

ಆಸ್ಪತ್ರೆಯ ಬಿಲ್ಲು ಮೂರು ಸಾವಿರದ ನಾನೂರು ನಾನೇ ಕೊಟ್ಟೆ. ಮೇಲೆ ಮೂರು ದಿನದ ಕೂಲಿಯನ್ನೂ ಕೊಟ್ಟೆ. ಕೊಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಧಾರಾಳತನದ ಭಾವ, ಅದನ್ನೂ ಮುಚ್ಚಿಡಬಾರದು. ನಾಲ್ಕೈದು ದಿನ ಬಿಟ್ಟು ಅವನ ಹೆಂಡತಿ ಮಜ್ಜಿಗೆಗೆಂದು ಬಂದಳು. ಏನು ಹೇಳುತ್ತಾಳೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಅವಳು ಏನೂ ಕೇಳಲಿಲ್ಲ. ಜಗಲಿಯ ಅಂಚಿಗೆ ಕೂತು, "ನೀವು ಹುಷಾರು ಅಂದಿದ್ರಂತೆ ಅಕ್ಕೋರೇ. ಎರಡೆರಡು ಸಲ ಅಂದಿದ್ರಂತೆ. ಇವರೇ ಕೇಳಲಿಲ್ಲ. ಇವರದ್ದೇ ತಪ್ಪು" ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು.

ಅವಳು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಸೈಕಲ್ ಟ್ಯೂಬಿನ ವಿಷಯ ಅಣ್ಣಯ್ಯ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅಥವಾ ಹೇಳಿದ್ದರೂ ಅದನ್ನು ನಾನು ನೋಡಿದ್ದೆ, ಮೆಚ್ಚಿದ್ದೆ ಎಂಬುದನ್ನು ಬಿಟ್ಟಿದ್ದ. ನನ್ನ 'ಹುಷಾರು' ಮಾತ್ರ ಅವನ ಮನೆ ತಲುಪಿತ್ತು, ರಶೀದಿಯ ಹಾಗೆ. ಶಬ್ದದ ನಾಲ್ಕನೆಯ ಕೆಲಸ ಅಂದೆನಲ್ಲ, ಅದು ಇದೇ. ಅಪಾಯ ಇರುವುದು ನನಗೆ ಗೊತ್ತಿತ್ತು, ಹೇಳಿದ್ದೇನೆ, ಇನ್ನು ಅದು ನಿನ್ನದು ಎಂದು ಹೊರೆಯನ್ನು ದಾಟಿಸಿ ಕೈ ತೊಳೆದುಕೊಳ್ಳುವುದು. ಗೊತ್ತಿಲ್ಲದವರು ಹುಷಾರು ಅನ್ನುವುದಿಲ್ಲ. ಅಂದವರಿಗೆ ಗೊತ್ತಿರುತ್ತದೆ. ಹಾಗಿರುವಾಗ ಆ ಮಾತು ನನ್ನನ್ನು ಬಿಡಿಸುವುದು ಹೇಗೆ? ಅದು ನನ್ನ ಮೇಲಿನ ಸಾಕ್ಷಿಯಾಗಬೇಕಲ್ಲವೇ?

ಆ ರಾತ್ರಿ ರಟ್ಟಿನ ಪೆಟ್ಟಿಗೆ ಹುಡುಕಿ ಅದರೊಳಗಿದ್ದ ಪುಸ್ತಿಕೆ ತೆಗೆದೆ. ಪ್ಲಾಸ್ಟಿಕ್ ಲಕೋಟೆ ಒಡೆದೇ ಇರಲಿಲ್ಲ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಆಮೇಲೆ ಬರೆಯಿರಿ ಎಂದು ಪ್ರತಿ ವರ್ಷ ನೂರು ಮಕ್ಕಳಿಗೆ ಹೇಳುವವಳು ನಾನು. ಒಂದು ಭಾಷೆ ಇಂಗ್ಲಿಷ್, ಇನ್ನೊಂದು ಹಿಂದಿ, ಕನ್ನಡ ಇರಲಿಲ್ಲ. ಇದ್ದಿದ್ದರೂ ಅಣ್ಣಯ್ಯನ ಕೈಗೆ ನಾವು ಕೊಟ್ಟದ್ದು ಮಿಷನ್ನು ಮಾತ್ರ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಓದಿ, ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಕನ್ನಡದಲ್ಲಿ ಬರೆದೆ.

ಬರೆಯುತ್ತ ಹೋದಂತೆ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ನಾವು ಮಾಡಿದ ಒಂದೊಂದೂ ಅದರಲ್ಲಿ ಮಾಡಬೇಡಿ ಎಂದು ಇತ್ತು. ಚೈನು ಮುಟ್ಟುವ ಮೊದಲು, ಕಟ್ಟಿದ ಚೂರು ತೆಗೆಯುವ ಮೊದಲು, ಅರ ಹಾಕಿ ಹರಿತ ಮಾಡುವ ಮೊದಲು, ಒಂದು ಜಾಗದಿಂದ ಇನ್ನೊಂದಕ್ಕೆ ಒಯ್ಯುವ ಮೊದಲೂ ಬ್ಯಾಟರಿ ಕಳಚಿ ತೆಗೆದಿಡಬೇಕು. ಇಷ್ಟು ಒಂದೇ ಒಂದು ಮಾತು ಗೊತ್ತಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವು. ಚೈನು ಪಟ್ಟಿಯ ಕೆಳಗೆ ಜೋತು ಬಿದ್ದಿರಬಾರದು, ಆದರೆ ಕೈಗವಸು ಹಾಕಿ ಎಳೆದರೆ ಸರಾಗ ಸುತ್ತಬೇಕು; ಹೊಸ ಚೈನು ಬೇಗ ಸಡಿಲಾಗುತ್ತದೆ, ಮೇಲಿಂದ ಮೇಲೆ ನೋಡಬೇಕು. ಪೆಟ್ರೋಲು ಬೇಡವಾದರೂ ಚೈನಿಗೆ ಎಣ್ಣೆ ಬೇಕೇ ಬೇಕು. ಎರಡು ಕೈಯಲ್ಲೇ ಹಿಡಿಯಬೇಕು, ಬಲಗೈ ಹಿಂದೆ, ಎಡಗೈ ಮುಂದೆ, ಎಡಚರಿಗೂ ಹಾಗೆಯೇ. ಮುಂದಿನ ಹಿಡಿಯ ಕೆಳಗಿನಿಂದ ಹೆಬ್ಬೆರಳು ಸುತ್ತಿ ಬರಬೇಕು. ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು, ಏಣಿ ಹತ್ತಿ ಕೊಯ್ಯಬಾರದು. ಪಟ್ಟಿಯ ನೇರಕ್ಕೆ ತಲೆ ಬರದಂತೆ ತುಸು ಎಡಕ್ಕೆ ಸರಿದು ನಿಲ್ಲಬೇಕು.

ಯಾಕೆ ಎಂದರೆ ಒದೆತ. ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಹಲ್ಲು ಅಲ್ಲಿ ಕಚ್ಚಿಕೊಳ್ಳುತ್ತದೆ. ಕೊಯ್ಯುವ ಬಲವೆಲ್ಲ ತಿರುಗಿ ಪಟ್ಟಿಯನ್ನೇ ಮೇಲಕ್ಕೆ, ಹಿಂದಕ್ಕೆ, ಅಂದರೆ ಹಿಡಿದವನ ಮುಖಕ್ಕೆ, ಕುತ್ತಿಗೆಗೆ ಎಸೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಆಗುವ ಕೆಲಸ. ಆಗ ಹುಷಾರಾಗಿರುವುದಕ್ಕೆ ಯಾರಿಗೂ ಪುರಸೊತ್ತು ಸಿಗುವುದಿಲ್ಲ. ಮುಂದಿನ ಹಿಡಿಯ ಎದುರಿಗಿರುವ ಪ್ಲಾಸ್ಟಿಕ್ ಕಾಪು ಸುಮ್ಮನೆ ಅಂದಕ್ಕೆ ಇರುವುದಲ್ಲ, ಕೈ ಅದಕ್ಕೆ ಬಡಿದ ಕೂಡಲೇ ಚೈನು ನಿಲ್ಲಲಿ ಎಂದು ಇರುವ ಬ್ರೇಕು. ಇಂಥ ಬ್ರೇಕು ಗರಗಸಗಳಿಗೆ ಬಂದದ್ದು 1970ರ ದಶಕದಲ್ಲಿ. ಅದಕ್ಕೆ ಮೊದಲು ಎಷ್ಟು ಮುಖಗಳು ಹೋಗಿರಬಹುದು!

ಹೀಗೆ ಓದುವ ಚಟ ಹತ್ತಿ ಗರಗಸದ ಪೂರ್ವಕಥೆಯನ್ನೂ ಹುಡುಕಿದೆ. ಇತಿಹಾಸ ಹೇಳುವವಳ ಕೆಟ್ಟ ಅಭ್ಯಾಸ. ಚೈನಿಗೆ ಹಲ್ಲು ಕಟ್ಟಿದ ಮೊದಲಿಗರಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಇಬ್ಬರು ಸ್ಕಾಟ್ಲೆಂಡಿನ ವೈದ್ಯರಿದ್ದರಂತೆ, ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ. ಕಷ್ಟದ ಹೆರಿಗೆಯಲ್ಲಿ ಮೂಳೆಯ ಸಂದು ಬಿಡಿಸಲು, ರೋಗದ ಮೂಳೆ ತೆಗೆಯಲು, ಕೈಯಲ್ಲಿ ಎಳೆದಾಡುವ ಸಣ್ಣ ಚೈನು. ಓದಿ ಬೆನ್ನು ಚಳಿಯೆದ್ದಿತು. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತ ವಿದ್ಯುತ್ತಿನ ಮರದ ಗರಗಸ ಮಾಡಿದ. ಅದನ್ನು ಹಿಡಿಯಲು ಇಬ್ಬರು ಬೇಕಿತ್ತು. 1946ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಒಂದು ಕೊರಕ ಹುಳು ಮರವನ್ನು ಎಡಕ್ಕೂ ಬಲಕ್ಕೂ ಕೊರೆದು ತಿನ್ನುತ್ತ ಹೋಗುವುದನ್ನು ನೋಡಿ, ಅದರ ದವಡೆಯ ಹಾಗೆ ಹಲ್ಲು ಮಾಡಿದ. ಇಂದಿನ ಚೈನು ಆ ಹುಳುವಿನ ಸಂತಾನ. ಇಬ್ಬರು ಹಿಡಿಯಬೇಕಾದ ಕಾಲದಲ್ಲಿ ನಾಲ್ಕು ಕೈಗೂ ಕೆಲಸವಿತ್ತು, ಚೈನಿಗೆ ಸಿಗಲು ಬಿಡುವಿನ ಕೈ ಇರಲಿಲ್ಲ. ಆಮೇಲೆ ಒಬ್ಬನಿಗೆ ಸಾಕಾಯಿತು. ಈಗ ಒಂದೇ ಕೈಯಲ್ಲಿ ಹಿಡಿಯುವ ಆರು ಇಂಚಿನದೂ ಬಂದಿದೆ, ಹೂಗಿಡ ಸವರಲು. ಒಂದು ಕೈಯಲ್ಲಿ ಮಿಷನ್ನು ಹಿಡಿದರೆ ಇನ್ನೊಂದು ಕೈ ಏನು ಮಾಡುತ್ತದೆ? ಕೊಯ್ಯುವ ಟೊಂಗೆಯನ್ನೇ ಹೋಗಿ ಹಿಡಿಯುತ್ತದೆ. ಕೈಯ ಸ್ವಭಾವವೇ ಅದು.

ನಮ್ಮ ಸೀಮೆಗೆ ಮರದ ವಿಷಯದಲ್ಲಿ ಒಂದು ಹೆಮ್ಮೆ ಇದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದಾಗ ನಾನು ಚಿಕ್ಕ ಹುಡುಗಿ. ಅಪ್ಪಿಕೋ ಚಳವಳಿಯ ಪಾಠವನ್ನು ಪ್ರತಿ ವರ್ಷ ಗಂಟಲು ಕಟ್ಟುವಷ್ಟು ಪ್ರೀತಿಯಿಂದ ಮಾಡುತ್ತ ಬಂದಿದ್ದೇನೆ. ಮರ ಅಪ್ಪಿಕೊಂಡವರ ಬಗ್ಗೆ ಹೇಳಿದೆ, ಗುತ್ತಿಗೆದಾರರ ಬಗ್ಗೆ ಹೇಳಿದೆ, ಸರಕಾರದ ಬಗ್ಗೆ ಹೇಳಿದೆ. ಕೊಡಲಿ ಹಿಡಿದು ನಿಂತಿದ್ದ ಕೂಲಿಯವರ ಬಗ್ಗೆ ಒಮ್ಮೆಯೂ ಏನೂ ಹೇಳಿದ ನೆನಪಿಲ್ಲ. ಅವರ ಬೆರಳು ಎಷ್ಟಿದ್ದವೋ. ಹಾಗೆಯೇ ಒಂಬತ್ತನೆಯ ತರಗತಿಗೆ 1948ರ ಕಾರ್ಖಾನೆ ಕಾಯ್ದೆ ಬಗ್ಗೆ ಹೇಳುವಾಗ, ತಿರುಗುವ ಯಂತ್ರದ ಸುತ್ತ ಕಾವಲು ಇರಬೇಕು, ಅದು ಮಾಲೀಕನ ಜವಾಬ್ದಾರಿ ಎಂದು ಅದರಲ್ಲಿ ಬರೆದದ್ದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಮಾಲೀಕ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಮುಂಬಯಿಯ ಗಿರಣಿಯ ಯಾವನೋ ಶೇಟು. ಹಿತ್ತಿಲಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತು ಒಳ್ಳೇ ಉಪಾಯ ಅಂದ ಟೀಚರಮ್ಮ ಅಲ್ಲ.

ಅಣ್ಣಯ್ಯನ ಬೆರಳಿನ ಪಟ್ಟಿ ಬಿಚ್ಚಿದ ಮೇಲೆ ಹಾಜರಿ ಪುಸ್ತಕ ಹಿಡಿದುಕೊಂಡು ಅವನ ಮುಂದೆ ಕೂತೆ. ಪಾಠ ಓದಿದೆ ಅನ್ನಿ. ಅರ್ಧದ ಮೇಲೆ ಅವನೇ ನನಗೆ ಪಾಠ ಮಾಡಿದ. ಬಿದ್ದ ಮರ ಎರಡು ತುದಿಗೆ ಆಧಾರ ಸಿಕ್ಕಿ ನಡುವೆ ಜೋತಿದ್ದರೆ ಮೇಲಿನಿಂದ ಒಂದಿಷ್ಟು ಕೊಯ್ದು ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು, ಇಲ್ಲವಾದರೆ ಪಟ್ಟಿ ಕಚ್ಚಿಕೊಳ್ಳುತ್ತದೆ. ಒಂದೇ ತುದಿಗೆ ಆಧಾರವಿದ್ದರೆ ಇದರ ತಿರುಗಾಮುರುಗಾ ಎಂದು ನಾನು ಕಷ್ಟಪಟ್ಟು ಓದಿದರೆ ಅವನು ನಕ್ಕ. "ಮರ ಎಲ್ಲಿ ಉಸಿರು ಕಟ್ಟಿ ಹಿಡಿದದೆ ಅಂತ ನೋಡೂದು ಅಕ್ಕೋರೇ. ಅಲ್ಲಿಗೆ ಮೊದಲು ಕೈ ಹಾಕೂಕಾಗ." ಬಿದ್ದ ಮರದಡಿ ಬಿಲ್ಲಿನ ಹಾಗೆ ಬಗ್ಗಿ ಸಿಕ್ಕಿಕೊಂಡ ಎಳೇ ಗಿಡ ದೊಡ್ಡ ಮರಕ್ಕಿಂತ ಕೆಟ್ಟದ್ದು, ಕೊಯ್ದರೆ ಎದ್ದು ಬಂದು ದವಡೆಗೆ ಹೊಡೆಯುತ್ತದೆ ಎಂದ. ಇಳಿಜಾರಿನಲ್ಲಿ ಕೊರಡಿನ ಮೇಲ್ಬದಿಗೆ ನಿಲ್ಲಬೇಕೆಂಬುದನ್ನು ನಾನು ಓದುವ ಮೊದಲೇ ಅವನು ಹೇಳಿದ್ದ. ಮರದ ಬಗ್ಗೆ ಪುಸ್ತಿಕೆಗೆ ಗೊತ್ತಿದ್ದುದಕ್ಕಿಂತ ಹೆಚ್ಚು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮಿಷನ್ನು. ಒದೆತದ ವಿಷಯ ಓದಿದಾಗ ಮಾತ್ರ ಅವನು ಸುಮ್ಮನಾದ. "ಹಂಗಾದ್ರೆ ಮೊದಲ್ನೇ ದಿನ ಎರಡು ಸಲ ಎಗರಿತ್ತು. ನಾ ಹೇಳಲಿಲ್ಲ. ಹೇಳಿದ್ರೆ ಮಿಷನ್ ವಾಪಸ್ ಕಳಿಸ್ತ್ರಿ ಅಂತ" ಎಂದ.

ಇನ್ನು ಖರ್ಚಿನ ಮಾತು. ಜಾಲರಿಯ ಮುಖಪರದೆ, ಕಿವಿಮುಚ್ಚಳ ಇರುವ ಹೆಲ್ಮೆಟ್, ಗಟ್ಟಿ ಬೂಟು, ಕೈಗವಸು, ಮತ್ತೆ ಒಂದು ವಿಶೇಷ ಪ್ಯಾಂಟು. ಪ್ಯಾಂಟಿನ ಒಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಚೈನು ತಾಗಿದರೆ ಆ ನೂಲು ಹೊರಬಂದು ಚೈನಿನ ಗಾಲಿಗೆ ಸುತ್ತಿ ಕಟ್ಟಿಹಾಕುತ್ತದೆ. ಬ್ಯಾಟರಿ ಮೋಟಾರು ಪೆಟ್ರೋಲ್ ಇಂಜಿನ್ನಿನಷ್ಟು ಸುಲಭವಾಗಿ ಸಿಕ್ಕಿ ನಿಲ್ಲುವುದಿಲ್ಲ, ಆದ್ದರಿಂದ ಪ್ಯಾಂಟು ಇದೆಯೆಂದು ನಂಬಿ ಕೂರಬಾರದು. ಆದರೂ ಪಂಜೆಗಿಂತ ಮೇಲು. ಎಲ್ಲ ಸೇರಿ ಸುಮಾರು ಮಿಷನ್ನಿನ ಬೆಲೆಯಷ್ಟೇ ಆಯಿತು. "ಕುದುರೆಗಿಂತ ಅದರ ಜೀನು ತುಟ್ಟಿ" ಎಂದರು ಇವರು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಒಂದು ಲೆಕ್ಕ ಮಾಡುವ ತನಕ. ಪೆಟ್ರೋಲ್ ಮಿಷನ್ನಿನವನನ್ನು ಕರೆಯದೆ ನಾವು ಉಳಿಸಿದ್ದು ನಾಲ್ಕು ಸಾವಿರ. ಅಣ್ಣಯ್ಯ ಇಪ್ಪತ್ತೆರಡು ದಿನ ಕೆಲಸಕ್ಕೆ ಹೋಗಲಿಲ್ಲ. ದಿನಕ್ಕೆ ಆರುನೂರರಂತೆ ಹದಿಮೂರು ಸಾವಿರದ ಇನ್ನೂರು. ಅದು ಅಡಿಕೆ ಸುಲಿಯುವ ಕಾಲ, ಆ ಬೆರಳಿನಲ್ಲೇ ಸುಲಿಯಬೇಕು. ಮಿಷನ್ನು ಅಗ್ಗ ಎಂದು ನಮಗೆ ಅನಿಸಿದ್ದು ಅದರ ಬೆಲೆಯ ಒಂದು ಭಾಗವನ್ನು ಇನ್ನೊಬ್ಬನ ಕೈಯಿಂದ ಕೊಡಿಸಿದ್ದಕ್ಕೆ.

ಉಳಿದ ಹತ್ತೊಂಬತ್ತು ದಿನದ ಹಣವನ್ನು ಅವನಿಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ನನ್ನ ಕೈ ನಾನೇ ಕೊಟ್ಟದ್ದು" ಎಂದ. ಬಹಳ ಒತ್ತಾಯ ಮಾಡಿದ ಮೇಲೆ, "ಹಾಗಾರೆ ಸಾಲ ಅಂತ ಬರ್ಕಳಿ" ಎಂದು ತೆಗೆದುಕೊಂಡ. ನಾನು ಬರೆದುಕೊಂಡಿಲ್ಲ. ಅವನು ಬರೆದುಕೊಂಡಿದ್ದಾನೋ ಏನೋ.

ತೊಡಕು ಅಲ್ಲಿಗೆ ಮುಗಿಯಲಿಲ್ಲ. ಹೆಲ್ಮೆಟ್ಟು ಬಂತು, ಪ್ಯಾಂಟು ಬಂತು. ಅಣ್ಣಯ್ಯ ಒಂದು ದಿನ ಹಾಕಿಕೊಂಡು ನೀರಿಳಿಸಿಕೊಂಡ. ನಮ್ಮ ಸೆಕೆಗೆ ಹೊಲಿದ ಬಟ್ಟೆ ಅದಲ್ಲ. ಮರುದಿನ ಪಂಜೆಯಲ್ಲೇ ಬಂದು ನಿಂತ. ಈಗ ಏನು ಮಾಡಬೇಕು? ಅವನು ಐವತ್ತೇಳು ವರ್ಷದ ಗಂಡಸು, ನನ್ನ ತರಗತಿಯ ಹುಡುಗನಲ್ಲ. ತನ್ನ ಮೈಯನ್ನು ಹೇಗೆ ನೋಡಿಕೊಳ್ಳಬೇಕೆಂದು ತೀರ್ಮಾನಿಸುವ ಹಕ್ಕು ಅವನದು. ಅವನ ಒಳ್ಳೆಯದಕ್ಕೇ ಎಂದು ಗದರಿಸುವುದು ಇನ್ನೊಂದು ಬಗೆಯ 'ನೀನು' ಅನ್ನುವಿಕೆ. ಹಾಗೆಂದು ಬಿಡೋಣವೇ? ಹಾಕಿಕೊಳ್ಳದೆ ಇರುವ ಸ್ವಾತಂತ್ರ್ಯ ಎಂದು ನಾನು ಗೌರವಿಸಹೊರಟಿರುವುದು ನಾಳೆಯ ಕೂಲಿ ತಪ್ಪಬಾರದೆಂಬ ಅವಸರವೂ ಆಗಿರಬಹುದಲ್ಲ. ಬೇಗ ಮುಗಿಸಿದರೆ ಅಕ್ಕೋರು ಮೆಚ್ಚುತ್ತಾರೆ ಎಂಬ ಆಸೆ ಆ ಟ್ಯೂಬಿನ ಪಟ್ಟಿಯಲ್ಲೂ ಇತ್ತಲ್ಲ. ಇದನ್ನು ಎಷ್ಟು ತಿರುವಿ ನೋಡಿದರೂ ನನಗೆ ಪೂರ್ತಿ ಬಗೆಹರಿದಿಲ್ಲ. ಒಂದು ಮಾತ್ರ ಮಾಡಿದೆ. ಬ್ಯಾಟರಿ ನನ್ನ ಕಪಾಟಿನಲ್ಲಿರುತ್ತದೆ. ಪ್ಯಾಂಟು ಹಾಕದಿದ್ದರೆ ಬ್ಯಾಟರಿ ಇಲ್ಲ, ಆ ದಿನ ಬೇರೆ ಕೆಲಸ, ಕೂಲಿಗೆ ಕಡಿತವಿಲ್ಲ. ಸೆಕೆ ಏರುವ ಮೊದಲು ಬೆಳಿಗ್ಗೆ ಎರಡು ತಾಸು ಮಾತ್ರ ಮಿಷನ್ನಿನ ಕೆಲಸ. ಇವರು ಎರಡು ದಿನ ಗೊಣಗಿದರು, ಆಮೇಲೆ ಬಿಟ್ಟರು.

ಊರಿನವರು ಎರವಲು ಕೇಳುತ್ತಾರೆ. ಹಾರೆ, ಗುದ್ದಲಿ, ದೋಟಿ ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಇದನ್ನು ಹೇಗೆ ಇಲ್ಲ ಅನ್ನುವುದು? ಪಕ್ಕದ ಮನೆಯ ಹುಡುಗನೊಬ್ಬನಿಗೆ ಹೆಲ್ಮೆಟ್ಟು, ಪ್ಯಾಂಟು, ನನ್ನ ಹಾಜರಿ ಪುಸ್ತಕದ ಹಾಳೆ ಎಲ್ಲ ಸೇರಿಸಿ ಕೊಟ್ಟೆ. ಸಂಜೆ ಮಿಷನ್ನಿಗೆ ಮೈಯೆಲ್ಲ ಮರದ ಪುಡಿ ಮೆತ್ತಿತ್ತು. ಹೆಲ್ಮೆಟ್ಟು, ಪ್ಯಾಂಟು ಮಡಿಸಿದ ಹಾಗೆಯೇ ವಾಪಸ್ಸು ಬಂದವು. ಮುಂದಿನ ಸಲ ಇಲ್ಲ ಅಂದೆ. ಅವರ ಮನೆಯಿಂದ ಈಗ ನಮಗೆ ಹಸಿಮೆಣಸಿನಕಾಯಿ ಬರುವುದು ನಿಂತಿದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನನಗೇ ಅದನ್ನು ಹಿಡಿದು ನೋಡಬೇಕು ಅನಿಸಿತು. ಇನ್ನೊಬ್ಬರಿಗೆ ಇಷ್ಟೆಲ್ಲ ಹೇಳುವವಳು ಒಮ್ಮೆಯೂ ಕೊಯ್ದಿರಲಿಲ್ಲ. ಅಣ್ಣಯ್ಯನಿಗೆ ಹೇಳಿದೆ. ಅವನು ನಗಲಿಲ್ಲ. ಹಲಸಿನ ಉಳಿದ ಒಂದು ಕೊರಡನ್ನು ಎರಡು ಗೂಟದ ನಡುವೆ ಅಲುಗಾಡದಂತೆ ಇರಿಸಿದ. ಸೀರೆ ಬಿಟ್ಟು ಹಳೆಯ ಚೂಡಿದಾರದ ಮೇಲೆ ಆ ದಪ್ಪ ಪ್ಯಾಂಟು ಏರಿಸಿ ಬಂದೆ, ಜಡೆಯನ್ನು ಸುತ್ತಿ ಹೆಲ್ಮೆಟ್ಟಿನೊಳಗೆ ತುರುಕಿದೆ. ಇವರು ಜಗಲಿಯಿಂದ "ಹುಷಾರು" ಎಂದು ಕೂಗಿದರು. ಅಣ್ಣಯ್ಯ ಹಾಗೆ ಅನ್ನಲಿಲ್ಲ. ಪರದೆ ಇಳಿಸಿದ. ನನ್ನ ಕಾಲಡಿಯ ಸೋಗೆ ಚೂರನ್ನು ಕಾಲಿನಿಂದ ಅತ್ತ ಸರಿಸಿದ. "ಎಡಗೈ ಹೆಬ್ಬೆಟ್ಟು ಕೆಳಗಿಂದ ತನ್ನಿ. ಹಾಂ. ಇನ್ನೊಂಚೂರು ಎಡಕ್ಕೆ ನಿಲ್ಲಿ. ಮೂತಿ ಹಿಂದೆ ಎಂತಾದ್ರೂ ಇದ್ಯಾ ನೋಡಿ" ಎಂದು ತಾನು ಹಿಂದೆ ಸರಿದು ದೂರ ನಿಂತ. ಅವನ ಎಡಗೈಯ ತೋರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಅದೇ ಬೆರಳಿನಿಂದ ತೋರಿಸುತ್ತಿದ್ದ.

ಗುಂಡಿ ಒತ್ತಿ ಸ್ವಿಚ್ಚು ಒತ್ತಿದೆ. ತೋಳೆಲ್ಲ ಜುಮ್ಮೆಂದಿತು. ಹಳದಿ ಚೂರು ಹಾರಿತು, ಹಲಸಿನ ವಾಸನೆ ಬಂತು. ಅರ್ಧ ಕೊಯ್ದಿರಬೇಕು, ಅವನು ಕೈ ಎತ್ತಿ ನಿಲ್ಲಿಸಿ ಎಂದ. ಏನು ತಪ್ಪಾಯಿತೋ ಎಂದು ಬೆರಳು ತೆಗೆದೆ.

"ಚೂರು ಬರೂದು ಬಿಟ್ಟು ಪುಡಿ ಬರ್ತಾ ಅದೆ ಅಕ್ಕೋರೇ. ಚೈನು ಮೊಂಡಾಯ್ತು. ಹೀಗೇ ಒತ್ತಿದ್ರೆ ಜಾರ್ತದೆ. ಅರ ಹಾಕ್ವ. ಬ್ಯಾಟರಿ ತೆಗೀರಿ."

ಬ್ಯಾಟರಿ ತೆಗೆದು ಅವನ ಕೈಗೆ ಕೊಟ್ಟೆ.